ಅತ್ತಿಗೆಯ ಪುಟಾಣಿ ಜೆಸಿಬಿ

ಇಲ್ಲಿ ಬರೆದು ಎರಡು ತಿಂಗಳ ಮೇಲಾಯಿತು. ಕೆಲಸ ಜಾಸ್ತಿ ಅನ್ನುವುದು ಅರ್ಧ ನಿಜ, ಸೋಮಾರಿತನ ಉಳಿದರ್ಧ. ಈ ಸಲ ಮಾತ್ರ ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಬೇಕಾದರೆ ಮದ್ದೂರು ವಡೆಯಿಂದ ಶುರು ಮಾಡಬೇಕು.

ಒಂದು ಶುಕ್ರವಾರ ಸಂಜೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೆ ಬರುತ್ತಿದ್ದೆ. ನಿಂತುಕೊಂಡೇ ಬರುತ್ತಿದ್ದೆ ಅಂತ ಬೇರೆ ಹೇಳಬೇಕಾಗಿಲ್ಲ, ಆ ರೈಲು ಹತ್ತುವವರಿಗೆಲ್ಲ ಗೊತ್ತು. ವಡೆ ಬಂತು, ತಗೊಂಡೆ, ಕಚ್ಚಿದೆ, ಕಟಕ್ ಅಂತು. ಪರವಾಗಿಲ್ಲ, ಗರಿಗರಿಯಾಗಿದೆ ಅಂತ ಖುಷಿಪಟ್ಟು ಇನ್ನೊಂದು ಸಲ ಕಚ್ಚಿದಾಗ ಗೊತ್ತಾಯಿತು: ಮುರಿದದ್ದು ವಡೆಯಲ್ಲ, ನನ್ನ ಬಲಗಡೆ ದವಡೆ ಹಲ್ಲಿನ ಒಂದು ಮೂಲೆ. ಒಳಗೆ ಹುಳುಕು ಹಿಡಿದು ಎಷ್ಟು ಕಾಲವಾಗಿತ್ತೋ, ಮೇಲಿನ ಚಿಪ್ಪು ಮಾತ್ರ ಮರ್ಯಾದೆಗೆ ನಿಂತಿತ್ತು. ನಮ್ಮ ಪ್ರಾಜೆಕ್ಟಿನ ಕೋಡ್ ಥರ :)

ಇದರಲ್ಲಿ ನಾಚಿಕೆಯ ವಿಷಯ ಏನಪ್ಪಾ ಅಂದರೆ, ನಮ್ಮ ಮನೆಯಲ್ಲೇ ಹಲ್ಲಿನ ಡಾಕ್ಟರಿದ್ದಾರೆ. ಅಣ್ಣನ ಹೆಂಡತಿ, ನನ್ನ ಅತ್ತಿಗೆ. ದೇವರಾಜ ಮೊಹಲ್ಲಾದಲ್ಲಿ, ಧನ್ವಂತರಿ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯ ಮೊದಲ ಮಹಡಿಯಲ್ಲಿ ಅವರ ಕ್ಲಿನಿಕ್. ಒಳಗೆ ಒಂದೇ ಡೆಂಟಲ್ ಚೇರು, ಒಬ್ಬಳು ಸಹಾಯಕಿ, ಹೊರಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಕಿಟಕಿ ತೆಗೆದರೆ ಗಾಳಿ ಬಂದ ಹಾಗೆ ಒಮ್ಮೆ ದೇವರಾಜ ಮಾರ್ಕೆಟ್ಟಿನ ಮಲ್ಲಿಗೆ, ಒಮ್ಮೆ ಕೊಳೆತ ಎಲೆಕೋಸು. 2016ರ ಆಗಸ್ಟಿನಲ್ಲಿ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತಲ್ಲ, ಆಗ ಕ್ಲಿನಿಕ್ ಶುರುವಾಗಿ ಎರಡು ವರ್ಷ. ಅಮ್ಮನಿಗೆ ಈಗಲೂ ಜೋರು ಮಳೆ ಬಂದರೆ ಮೊದಲು ಅತ್ತಿಗೆಗೆ ಫೋನ್ ಮಾಡುವ ಅಭ್ಯಾಸ.

ಶನಿವಾರ ಬೆಳಿಗ್ಗೆ ಚೇರಿನ ಮೇಲೆ ಮಲಗಿದೆ.

"ಆ ಅನ್ನು... ಅಯ್ಯೋ ರಾಮ. ಇಷ್ಟು ದಿನ ಏನ್ ಮಾಡ್ತಿದ್ಯೋ?"

ಬಾಯಿ ತೆರೆದುಕೊಂಡು ಮಲಗಿದವನಿಗೆ ಪ್ರಶ್ನೆ ಕೇಳುವುದು ಹಲ್ಲಿನ ಡಾಕ್ಟರುಗಳ ಆಜನ್ಮಸಿದ್ಧ ಹಕ್ಕು. "ಆಂ ಊಂ" ಅಂದೆ. ಇಂಜೆಕ್ಷನ್ ಆಯಿತು, ತುಟಿ ದಪ್ಪ ಆಯಿತು, ಏರೋಟರ್ ಕುಂಯ್ ಅಂತು. ನೀವೆಲ್ಲ ಹೆದರುವುದು ಆ ಶಬ್ದಕ್ಕೇ ತಾನೆ? ನಾನೂ ಅಷ್ಟೆ. 1957ರಲ್ಲಿ ಜಾನ್ ಬೋರ್ಡನ್ ಎಂಬ ಅಮೆರಿಕದ ದಂತವೈದ್ಯ ತನ್ನ ಗಾಳಿಯಲ್ಲಿ ತಿರುಗುವ ಡ್ರಿಲ್ಲಿಗೆ ಇಟ್ಟ ಹೆಸರು ಏರೋಟರ್. ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು. ನಮ್ಮ ಡಾಕ್ಟರುಗಳು ಯಾವ ಕಂಪನಿಯ ಡ್ರಿಲ್ ಆದರೂ ಇವತ್ತಿಗೂ ಏರೋಟರ್ ಅಂತಲೇ ಕರೆಯುತ್ತಾರೆ, ನಾವು ಎಲ್ಲ ನಕಲು ಪ್ರತಿಗೂ ಝೆರಾಕ್ಸ್ ಅಂದ ಹಾಗೆ.

ಆದರೆ ಅದು ನಿಂತ ಮೇಲೆ ನಡೆಯುವ ಕೆಲಸದ ಕಡೆ ನಾನು ಯಾವತ್ತೂ ಗಮನ ಕೊಟ್ಟಿರಲಿಲ್ಲ. "ಎಕ್ಸ್‌ಕವೇಟರ್ ಕೊಡಮ್ಮ" ಅಂತ ಅತ್ತಿಗೆ ಸಹಾಯಕಿಗೆ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಹಳದಿ ಜೆಸಿಬಿ. ಬಂದದ್ದು ಮಾತ್ರ ಪೆನ್ಸಿಲ್ಲಿಗಿಂತ ತೆಳ್ಳಗಿನ ಒಂದು ಉಕ್ಕಿನ ಕಡ್ಡಿ, ತುದಿಯಲ್ಲಿ ಸಾಸಿವೆ ಕಾಳು ಕೂರುವಷ್ಟು ದೊಡ್ಡ ಚಮಚ. ಹುಳುಕು ತಿಂದ ಮೆತ್ತನೆಯ ಭಾಗವನ್ನು ಕೆರೆದು ತೆಗೆಯುವುದಕ್ಕೆ. ಡ್ರಿಲ್ಲಿಗೆ ಮೆತ್ತಗಿನದು ಯಾವುದು ಗಟ್ಟಿ ಯಾವುದು ಅಂತ ಗೊತ್ತಾಗುವುದಿಲ್ಲ, ಸಿಕ್ಕಿದ್ದನ್ನೆಲ್ಲ ತಿಂದುಕೊಂಡು ಹೋಗುತ್ತದೆ. ನರದ ಹತ್ತಿರ ಬಂದಾಗ ಕೈಯಲ್ಲೇ ಆಗಬೇಕು.

ಅತ್ತಿಗೆ ಕೆರೆಯುತ್ತಾ ಇದ್ದವರು ನಿಲ್ಲಿಸಿದರು. ಸಾಧನ ಟ್ರೇನಲ್ಲಿಟ್ಟು, ಕೈ ತೊಳೆದು ನೀರು ಒದರುವ ಹಾಗೆ ಬಲಗೈಯನ್ನು ಮೂರು ಸಲ ಒದರಿದರು. ಸಹಾಯಕಿ ಕಿಟಕಿ ಕಡೆ ನೋಡುತ್ತಾ ನಿಂತಳು. ಮತ್ತೆ ಕೈಗೆತ್ತಿಕೊಂಡು ಅರ್ಧ ನಿಮಿಷ ಕೆರೆದರು, ಮತ್ತೆ ಒದರಿದರು.

"ಆಳ ಇದೆ ಕಣೋ. ಇವತ್ತು ತಾತ್ಕಾಲಿಕಕ್ಕೆ ಸಿಮೆಂಟ್ ಹಾಕಿ ಬಿಡ್ತೀನಿ. ನೋವು ಬರದಿದ್ರೆ ಆಮೇಲೆ ಪರ್ಮನೆಂಟ್ ಮಾಡೋಣ."

ಆಳ ಇದ್ದದ್ದು ನಿಜವೇ. ಆದರೆ ಅದೊಂದೇ ಕಾರಣ ಅಲ್ಲ ಅಂತ ರಾತ್ರಿ ಅಣ್ಣ ಹೇಳಿದ ಮೇಲೆ ಗೊತ್ತಾಯಿತು.

"ರಾತ್ರಿ ಎರಡು ಗಂಟೆಗೆ ಎದ್ದು ಕೈ ಒದರ್ತಾ ಕೂತಿರ್ತಾಳೆ. ಹೆಬ್ಬೆರಳು, ತೋರುಬೆರಳು, ನಡುಬೆರಳು... ಮೂರೂ ಜೋಮು. ನರದ ಟೆಸ್ಟ್ ಆಯ್ತು. ಮಣಿಕಟ್ಟಿನ ಹತ್ರ ನರ ಅದುಮ್ತಿದೆಯಂತೆ. ರಾತ್ರಿ ಪಟ್ಟಿ ಕಟ್ಕೊಂಡ್ ಮಲಗು, ಕೆಲಸ ಕಮ್ಮಿ ಮಾಡು, ಇಲ್ದಿದ್ರೆ ಆಪರೇಷನ್ ಅಂದಿದಾರೆ. ಎಲ್ಲಾದ್ರೂ ಕಾಲೇಜಲ್ಲಿ ಪಾಠ ಮಾಡೋ ಕೆಲಸ ಹಿಡಿ, ಕ್ಲಿನಿಕ್ ಮುಚ್ಚೋಣ ಅಂತ ನಾನು ಹೇಳ್ತಿದೀನಿ. ಕೇಳ್ಬೇಕಲ್ಲ."

ಅತ್ತಿಗೆ ಅಡುಗೆಮನೆಯಿಂದಲೇ "ಚೇರಿನ ಸಾಲ ಯಾರು ತೀರಿಸ್ತಾರೆ?" ಅಂದರು. ಸಾಲದ ಮಾತು ನೆಪ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲವೂ ಎಲ್ಲರದ್ದು. ಆ ಗಲ್ಲಿಯ ಮೊದಲ ಮಹಡಿ ಮಾತ್ರ ಅವರೊಬ್ಬರದ್ದು.

ನಾನು ಓದಿದ್ದು ಮೆಕ್ಯಾನಿಕಲ್, ಇಲ್ಲೇ ಮಾನಂದವಾಡಿ ರಸ್ತೆಯ ಕಾಲೇಜಿನಲ್ಲಿ. ತಿನ್ನುತ್ತಿರುವುದು ಸಾಫ್ಟ್‌ವೇರಿನ ಅನ್ನ. ನಮ್ಮಂಥವರ ಒಳಗೆ ಸದಾ ಒಂದು ಪಾಪಪ್ರಜ್ಞೆ ಇರುತ್ತದೆ, ನಾಲ್ಕು ವರ್ಷ ವರ್ಕ್‌ಶಾಪಿನಲ್ಲಿ ಫೈಲ್ ಉಜ್ಜಿದ್ದು ಯಾವುದಕ್ಕೂ ಬರಲಿಲ್ಲವಲ್ಲ ಅಂತ. ಅವತ್ತು ರಾತ್ರಿ ಆ ಮೆಕ್ಯಾನಿಕಲ್ ಎದ್ದು ಕೂತಿತು. ಬೆಳಿಗ್ಗೆ ಅತ್ತಿಗೆಯ ಹತ್ತಿರ ಹಳೆಯ, ಬಳಸದೆ ಡ್ರಾಯರಿನಲ್ಲಿ ಬಿದ್ದಿದ್ದ ಒಂದು ಹಿಡಿ ಸಾಧನಗಳನ್ನು ಇಸ್ಕೊಂಡೆ.

"ಏನ್ ಮಾಡ್ತೀಯ ಇಂಜಿನಿಯರ್ರೇ?"

"ಇಂಪ್ರೂವ್ ಮಾಡ್ತೀನಿ ಅತ್ತಿಗೆ."

ಈ ಮಾತನ್ನು ಅವರು ಈಗಲೂ ಆಡಿಕೊಳ್ಳುತ್ತಾರೆ.

ಕಾಲೇಜಿನ ಕಾಲದ ವರ್ನಿಯರ್ ಕ್ಯಾಲಿಪರ್ ಹುಡುಕಿ ಅಳೆದೆ. ಹಿಡಿಯ ದಪ್ಪ 6 ಮಿಲಿಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 24 ಗ್ರಾಂ. ತೆಳ್ಳಗಿನ ಸ್ಕ್ರೂಡ್ರೈವರ್ ತಿರುಗಿಸಿ ನೋಡಿದವರಿಗೆ ಗೊತ್ತು, ಹಿಡಿ ತೆಳ್ಳಗಾದಷ್ಟೂ ಗಟ್ಟಿಯಾಗಿ ಚಿವುಟಿ ಹಿಡಿಯಬೇಕು, ಇಲ್ಲದಿದ್ದರೆ ಬೆರಳಲ್ಲೇ ತಿರುಗಿಬಿಡುತ್ತದೆ. ದಿನಕ್ಕೆ ಹತ್ತು ಹನ್ನೆರಡು ರೋಗಿಗಳು, ಪ್ರತಿಯೊಬ್ಬರಿಗೂ ಈ ಚಿವುಟುವ ಹಿಡಿತ, ಅದೂ ಮಣಿಕಟ್ಟು ಸೊಟ್ಟ ಮಾಡಿಕೊಂಡು, ಮೇಲಿನ ದವಡೆಯ ಕೊನೆಯ ಹಲ್ಲಿನ ಹಿಂಬದಿ. ಹುಡುಕಿದಾಗ ಇದರ ಮೇಲೆ ನಡೆದ ಕೆಲಸವೂ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಅಧ್ಯಯನ. ಅದು ಫಿಲ್ಲಿಂಗಿನದ್ದಲ್ಲ, ಹಲ್ಲಿನ ಪಾಚಿ ಕೆರೆಯುವ ಸಾಧನದ್ದು, ಆದರೆ ಕೈ ಅದೇ ತಾನೆ. 10 ಮಿಲಿಮೀಟರ್ ದಪ್ಪದ, 15 ಗ್ರಾಂ ತೂಕದ ಹಿಡಿಯಲ್ಲಿ ಸ್ನಾಯುಗಳಿಗೆ ಬೀಳುವ ಹೊರೆಯೂ ಚಿವುಟುವ ಬಲವೂ ಕಡಿಮೆ ಅಂತ ಅವರು ಕಂಡುಕೊಂಡಿದ್ದರು.

ಅಷ್ಟೇ ಸಾಕಲ್ಲ. ಬೆಂಗಳೂರಿಗೆ ವಾಪಸ್ ಹೋದವನೇ ಸ್ನೇಹಿತನ ತ್ರೀಡಿ ಪ್ರಿಂಟರಿನಲ್ಲಿ ಒಂದು ತೊಡುಗೆ ಮಾಡಿಸಿದೆ. ಹಿಡಿಯ ಮೇಲೆ ಸಿಕ್ಕಿಸಿದರೆ ದಪ್ಪ ಸರಿಯಾಗಿ 10 ಮಿಲಿಮೀಟರ್. ನವಿಲಿನ ಬಣ್ಣ. ಮುಂದಿನ ಶನಿವಾರ ಹೆಮ್ಮೆಯಿಂದ ಕೊಟ್ಟೆ. ಅತ್ತಿಗೆ ಹಿಡಿದು ನೋಡಿ, "ಚೆನ್ನಾಗಿದೆ ಕಣೋ. ಆಟೋಕ್ಲೇವ್‌ಗೆ ಹಾಕ್ಬಹುದಾ?" ಅಂದರು.

"ಹಾಕಿ ನೋಡಿ" ಅಂದೆ.

ಆಟೋಕ್ಲೇವ್ ಅಂದರೆ ನಮ್ಮ ಪ್ರೆಶರ್ ಕುಕ್ಕರಿನ ದೊಡ್ಡಣ್ಣ. 15 ಪೌಂಡ್ ಒತ್ತಡ, 121 ಡಿಗ್ರಿ ಉಗಿ, 15-20 ನಿಮಿಷ. ನನ್ನ ತೊಡುಗೆ ಪಿಎಲ್‌ಎ ಪ್ಲಾಸ್ಟಿಕ್ಕಿನದು, ಸುಮಾರು 60 ಡಿಗ್ರಿಗೇ ಮೆತ್ತಗಾಗುವಂಥದ್ದು. ಮೆಟೀರಿಯಲ್ ಸೈನ್ಸ್ ಓದಿದ್ದ ಮನುಷ್ಯ ನಾನು! ಮುಚ್ಚಳ ತೆಗೆದಾಗ ಆ ನವಿಲು ಬಿಸಿಲಿನಲ್ಲಿಟ್ಟ ಮೇಣದಬತ್ತಿಯ ಹಾಗೆ ಸೊಂಟ ಮುರಿದುಕೊಂಡು ಮಲಗಿತ್ತು. ಸಹಾಯಕಿ ನಗು ತಡೆಯಲಾರದೆ ಹೊರಗೆ ಓಡಿದಳು.

ಅತ್ತಿಗೆ ನಗಲಿಲ್ಲ. ಅದನ್ನು ಬೆಳಕಿಗೆ ಹಿಡಿದು ಇನ್ನೊಂದು ವಿಷಯ ತೋರಿಸಿದರು. "ಕರಗದೇ ಇದ್ರೂ ಇದು ಆಗ್ತಿರಲಿಲ್ಲ. ನೋಡು, ಪದರ ಪದರ ಇದೆ. ಈ ಸಂದಿನಲ್ಲಿ ರಕ್ತ ಹೋಗಿ ಕೂತ್ರೆ ಹೇಗೆ ತೊಳೀತೀಯ?" ಆಗ ನೆನಪಾಯಿತು, ಅವರ ಎಲ್ಲ ಸಾಧನಗಳೂ ಯಾಕೆ ಅಷ್ಟು ನುಣುಪು, ಕೀಲಿಲ್ಲ, ಮರದ ಹಿಡಿ ಇಲ್ಲ ಅಂತ. ಬಳಸುವವರಿಗೆ ಒಂದು ಸಾಧನ ಬೇಕು, ತೊಳೆಯುವವರಿಗೆ ಇನ್ನೊಂದು.

ಮುಂದಿನದು ಸಿಲಿಕೋನ್. ಅದಕ್ಕೆ 200 ಡಿಗ್ರಿಯೂ ಲೆಕ್ಕಕ್ಕಿಲ್ಲ, ಮೈ ನುಣುಪು, ಆನ್‌ಲೈನಿನಲ್ಲಿ ಸಿಗುತ್ತದೆ. ತರಿಸಿದೆ. ಎರಡು ದಿನ ಬಳಸಿ ತೆಗೆದು ಪಕ್ಕಕ್ಕಿಟ್ಟರು.

"ಏನೂ ಗೊತ್ತಾಗ್ತಿಲ್ಲ ಕಣೋ. ಗ್ಲೌಸ್ ಮೇಲೆ ಸ್ವೆಟರ್ ಹಾಕ್ಕೊಂಡ ಹಾಗಿದೆ."

ಇದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಅದನ್ನು ಕೆರೆಯುವ ಸಲಕರಣೆ ಅಂದುಕೊಂಡಿದ್ದೆ. ಅವರಿಗೆ ಅದು ಮುಟ್ಟಿ ನೋಡುವ ಬೆರಳು. ಕೊಳೆತ ಭಾಗ ಒದ್ದೆ ಚರ್ಮದ ಹಾಗೆ ಎದ್ದು ಬರುತ್ತದೆ. ಅದು ಮುಗಿದು ಗಟ್ಟಿ ಹಲ್ಲು ಸಿಕ್ಕಿದ ತಕ್ಷಣ ಕಡ್ಡಿಯಲ್ಲಿ ಒಂದು ಕಿರ್ ಅನ್ನುವ ನಡುಕ ಬೆರಳಿಗೆ ಬರುತ್ತದೆ. ಆ ಕಿರ್ ಬಂದಲ್ಲಿ ನಿಲ್ಲಿಸಬೇಕು. ನನ್ನ ಮೆತ್ತನೆಯ ಸಿಲಿಕೋನ್ ಆ ನಡುಕವನ್ನೇ ನುಂಗಿಬಿಟ್ಟಿತ್ತು. ಮೊದಲೇ ಬೆರಳು ಜೋಮು ಹಿಡಿದವರಿಗೆ ಉಳಿದಿದ್ದ ಸ್ವಲ್ಪ ಸ್ಪರ್ಶವನ್ನೂ ನಾನು ಕಿತ್ತುಕೊಂಡಿದ್ದೆ.

ಅವತ್ತು ಸಂಜೆ ಅತ್ತಿಗೆ ಚಹಾ ಕುಡಿಯುತ್ತಾ, ಕೇಳದೇ ಇದ್ದರೂ, ಒಂದು ಹಳೆಯ ಕಥೆ ಹೇಳಿದರು. ಇಂಟರ್ನ್ ಆಗಿದ್ದಾಗ ಎಚ್.ಡಿ. ಕೋಟೆ ಕಡೆಯ ಒಂದು ಶಾಲೆಯಲ್ಲಿ ಕ್ಯಾಂಪ್. ಕರೆಂಟ್ ಇಲ್ಲ. ಎರಡು ಬೆಂಚು ಜೋಡಿಸಿ ಮಕ್ಕಳನ್ನು ಕಿಟಕಿ ಪಕ್ಕ ಮಲಗಿಸಿ, ಇದೇ ಎಕ್ಸ್‌ಕವೇಟರಿನಿಂದ ಹುಳುಕು ಕೆರೆದು, ಗ್ಲಾಸ್ ಅಯೊನೊಮರ್ ಸಿಮೆಂಟ್ ಕೈಯಲ್ಲೇ ಕಲಸಿ ಬೆರಳಿನಲ್ಲಿ ಒತ್ತಿ ತುಂಬುವುದು. ಅದೊಂದು ಪದ್ಧತಿಯೇ ಇದೆ, ಎ.ಆರ್.ಟಿ. ಅಂತ. 1980ರ ದಶಕದ ಮಧ್ಯದಲ್ಲಿ ಟಾಂಜಾನಿಯಾದಲ್ಲಿ ಯೋ ಫ್ರೆಂಕೆನ್ ಎಂಬ ಡಚ್ ದಂತವೈದ್ಯರು ಶುರು ಮಾಡಿದ್ದು. ಅಲ್ಲಿಯೂ ಕರೆಂಟ್ ಇರಲಿಲ್ಲ, ಡ್ರಿಲ್ ಇರಲಿಲ್ಲ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದರ ಬೆನ್ನಿಗೆ ನಿಂತಿತು. ಆ ಸಿಮೆಂಟು 1970ರ ಹೊತ್ತಿಗೆ ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬಿಬ್ಬರು ಮಾಡಿದ್ದು, ಹಲ್ಲಿಗೆ ತಾನಾಗೇ ಅಂಟಿಕೊಳ್ಳುತ್ತದೆ. ಅದಿರುವುದರಿಂದಲೇ ಇದು ಸಾಧ್ಯ.

"ಒಂದು ಹುಡುಗಿ, ಎಂಟು ವರ್ಷ ಇರ್ಬೇಕು. ಇಂಜೆಕ್ಷನ್ ಇಲ್ಲ, ಶಬ್ದ ಇಲ್ಲ. ಕೆರೀತಾ ಇದ್ದ ಹಾಗೇ ನಿದ್ದೆ ಹೋಗ್ಬಿಟ್ಟಿದ್ಲು. ಅವತ್ತೇ ಅನ್ಸಿದ್ದು, ಇದು ನನ್ ಕೈಗೆ ಬಂತು ಅಂತ." ಅಷ್ಟು ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋದರು. ಎಡಗೈಯಲ್ಲಿ.

ಆಮೇಲೆ ಒಂದು ವಾರ ನಾನು ಏನೂ ಮಾಡಲಿಲ್ಲ, ಓದಿದೆ ಅಷ್ಟೆ. ಓದುತ್ತಾ ಸಿಕ್ಕಿದವರು ಜಿ.ವಿ. ಬ್ಲ್ಯಾಕ್. ಅಮೆರಿಕದ ಇಲಿನಾಯ್ ರಾಜ್ಯದವರು, 1836ರಿಂದ 1915. ಹಲ್ಲು ತುಂಬುವ ವಿದ್ಯೆಗೆ ಒಂದು ಶಿಸ್ತು ತಂದವರು. ಹುಳುಕುಗಳನ್ನು ಒಂದರಿಂದ ಐದರವರೆಗೆ ವರ್ಗ ಮಾಡಿದ್ದೂ ಅವರೇ, ಸಾಧನಗಳಿಗೆ ನಂಬರ್ ಕೊಟ್ಟಿದ್ದೂ ಅವರೇ. ಈ ನಂಬರುಗಳು ನನಗೆ ಹುಚ್ಚು ಹಿಡಿಸಿದವು. ಅತ್ತಿಗೆಯ ಒಂದು ಹಳೆಯ ಉಳಿಯ ಹಿಡಿಯ ಮೇಲೆ ಸಣ್ಣಗೆ 10-7-14 ಅಂತ ಕೊರೆದಿತ್ತು. ಸರಕಿನ ನಂಬರ್ ಅಂದುಕೊಂಡಿದ್ದೆ. ಅಲ್ಲ. ಮೊದಲನೆಯದು ಅಲಗಿನ ಅಗಲ, ಮಿಲಿಮೀಟರಿನ ಹತ್ತನೇ ಒಂದರಲ್ಲಿ. ಅಂದರೆ 1 ಮಿಲಿಮೀಟರ್. ಎರಡನೆಯದು ಅಲಗಿನ ಉದ್ದ, 7 ಮಿಲಿಮೀಟರ್. ಮೂರನೆಯದು ಅಲಗು ಹಿಡಿಗೆ ಎಷ್ಟು ಬಾಗಿದೆ ಅನ್ನುವುದು. ಆದರೆ ವೃತ್ತವನ್ನು 360 ಅಲ್ಲ, 100 ಭಾಗ ಮಾಡಿಕೊಂಡು. 14 ಅಂದರೆ 50.4 ಡಿಗ್ರಿ. ಕತ್ತರಿಸುವ ಅಂಚು ಓರೆಯಾಗಿದ್ದರೆ ಎರಡನೇ ಜಾಗದಲ್ಲಿ ಇನ್ನೊಂದು ನಂಬರ್ ಸೇರುತ್ತದೆ. ಯಾವ ದೇಶದ ಯಾವ ಕಾರ್ಖಾನೆಯಾದರೂ ಆ ಮೂರು ನಾಲ್ಕು ಅಂಕಿ ನೋಡಿ ಅದೇ ಸಾಧನ ಮಾಡಬಹುದು. ನೂರು ವರ್ಷಕ್ಕೂ ಹಳೆಯ ಡಾಕ್ಯುಮೆಂಟೇಶನ್, ಇನ್ನೂ ಚಾಲ್ತಿಯಲ್ಲಿದೆ. ನಾನು ಹೋದ ವರ್ಷ ಬರೆದದ್ದು ಈಗ ನನಗೇ ಅರ್ಥವಾಗುವುದಿಲ್ಲ.

ಆದರೆ ಅಂಕಿಗಳಲ್ಲಿ ಎಲ್ಲೂ ಹಿಡಿಯ ದಪ್ಪ ಇಲ್ಲ. ಬ್ಲ್ಯಾಕ್ ಹಲ್ಲಿನ ಕಡೆಯಿಂದ ಅಳೆದರು. ಕೈ ಕಡೆಯಿಂದ ಅಳೆಯುವುದು ತುಂಬಾ ತಡವಾಗಿ ಶುರುವಾಯಿತು.

(ಇನ್ನೊಂದು ಸ್ವಾರಸ್ಯ. ಫಿಲ್ಲಿಂಗ್ ತುಂಬಿ ಸವರುವ ಉಕ್ಕಿನ ಚಪ್ಪಟೆ ಕಡ್ಡಿಗೆ ಡಾಕ್ಟರುಗಳು 'ಪ್ಲಾಸ್ಟಿಕ್ ಇನ್‌ಸ್ಟ್ರುಮೆಂಟ್' ಅನ್ನುತ್ತಾರೆ. ಅದರಲ್ಲಿ ಪ್ಲಾಸ್ಟಿಕ್ಕೇ ಇಲ್ಲ! ಮಿದುವಾಗಿ ಆಕಾರ ಕೊಡಬಹುದಾದ ವಸ್ತುವನ್ನು ತುಂಬುವುದರಿಂದ ಆ ಹೆಸರು. ಈಗಿನ ಹಲ್ಲಿನ ಬಣ್ಣದ ಕಾಂಪೊಸಿಟ್ ಇದಕ್ಕೆ ಅಂಟಿಕೊಂಡು ಎದ್ದು ಬರುತ್ತದೆ, ಪಾಕ ಸರಿಯಾಗದ ಕೊಬ್ಬರಿ ಮಿಠಾಯಿ ಚಾಕುವಿಗೆ ಅಂಟುವ ಹಾಗೆ. ಕೆಲವರು ಸ್ಪಿರಿಟ್‌ನಲ್ಲಿ ಅದ್ದಿ ಸವರುತ್ತಾರೆ. ಅದು ಪದರಗಳ ನಡುವೆ ಸೇರಿದರೆ ಫಿಲ್ಲಿಂಗ್ ಬಲ ಕಡಿಮೆಯಾಗಬಹುದು ಅಂತ ಅತ್ತಿಗೆ ಆ ದಾರಿ ಹಿಡಿಯುವುದಿಲ್ಲ. ಅದಕ್ಕೇ ಟೈಟಾನಿಯಂ ನೈಟ್ರೈಡ್ ಲೇಪ ಕೊಟ್ಟ ಹಳದಿ ಕಡ್ಡಿಗಳು ಬಂದಿವೆ. ನೋಡಿದ ರೋಗಿಗಳೆಲ್ಲ ಕೇಳುವ ಪ್ರಶ್ನೆ: "ಚಿನ್ನದ್ದಾ ಡಾಕ್ಟ್ರೇ?")

ಈಗ ಮಂಡಿ ಮೊಹಲ್ಲಾಕ್ಕೆ ಬರೋಣ. ಅಪ್ಪನಿಗೆ ಅಲ್ಲೊಬ್ಬರು ಹಳೆಯ ಪರಿಚಯ, ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡುವವರು. ನಾವು ಚಿಕ್ಕಂದಿನಿಂದ ಚಾಚಾ ಅಂತಲೇ ಕರೆಯುವುದು. ಮರದಲ್ಲಿ ಕುಳಿ ತೋಡಿ, ಬೇರೆ ಬಣ್ಣದ ಮರ ಕೂರಿಸಿ, ಮೇಲೆ ನುಣುಪು ಮಾಡುವುದು. ಯೋಚಿಸಿ ನೋಡಿ, ಅತ್ತಿಗೆ ಮಾಡುವುದೂ ಅದನ್ನೇ, ಮರ ಮಾತ್ರ "ಆ" ಅನ್ನುವುದಿಲ್ಲ. ಉಳಿ ಹಿಡಿಯ ಬಗ್ಗೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ ಅಂತ ಹಳೆಯ ಎಕ್ಸ್‌ಕವೇಟರ್ ಒಂದನ್ನು ತಗೊಂಡು ಹೋದೆ.

ನಾನು ಹಿಡಿಯ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಚಾಚಾ ಹಿಡಿಯ ಕಡೆ ನೋಡಲೇ ಇಲ್ಲ. ಕನ್ನಡಕ ಮೇಲೆತ್ತಿ ತುದಿಯನ್ನು ನೋಡಿದರು. ಆಮೇಲೆ ಅಂಚನ್ನು ತಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದರು. ಜಾರಿತು.

"ಇದು ಮೊಂಡಾಗಿದೆ ಮರಿ. ಮೊಂಡು ಉಳಿ ಹಿಡ್ಕೊಂಡ್ರೆ ಯಾರ್ ಕೈ ಆದ್ರೂ ನೋಯುತ್ತೆ."

ತಮ್ಮ ಒಂದು ಉಳಿ ಎತ್ತಿ ಅದೇ ಉಗುರಿನ ಮೇಲೆ ಇಟ್ಟರು. ಅದು ಜಾರಲಿಲ್ಲ, ಕಚ್ಚಿ ನಿಂತಿತು.

ನನಗೆ ಮುಖದ ಮೇಲೆ ನೀರು ಚಿಮುಕಿಸಿದ ಹಾಗಾಯಿತು. ಮನೆಗೆ ಓಡಿ ಬಂದು ಅತ್ತಿಗೆಗೆ ಹೇಳಿದರೆ ಅವರು ಒಂದು ಕ್ಷಣ ಸುಮ್ಮನಿದ್ದು, "ಫಸ್ಟ್ ಇಯರ್‌ನಲ್ಲೇ ಕಲ್ಸಿರ್ತಾರೆ ಕಣೋ. ಉಗುರಿನ ಟೆಸ್ಟೂ ಅದೇ" ಅಂದರು. ಅವರಿಗೆ ಗೊತ್ತಿತ್ತು. ಮೊದಲಿದ್ದ ಸಹಾಯಕಿ ವಾರಕ್ಕೊಮ್ಮೆ ಎಲ್ಲ ತೆಗೆದು ಕೊಡುತ್ತಿದ್ದಳಂತೆ, ಇವರು ಕಲ್ಲಿನ ಮೇಲೆ ಮಸೆಯುತ್ತಿದ್ದರಂತೆ. ಅವಳು ಮದುವೆಯಾಗಿ ಹೋದಳು, ಕೋವಿಡ್ ಬಂತು, ಕ್ಲಿನಿಕ್ ಮುಚ್ಚಿತು, ತೆರೆಯಿತು, ಮಗು ಶಾಲೆಗೆ ಸೇರಿತು. ಮಸೆಯುವುದು ಯಾವಾಗ ನಿಂತಿತು ಅಂತ ಅವರಿಗೇ ನೆನಪಿಲ್ಲ. ಅಲಗು ಒಂದೇ ದಿನ ಮೊಂಡಾಗುವುದಿಲ್ಲವಲ್ಲ, ದಿನಕ್ಕಿಷ್ಟು ಅಂತ ಆಗುತ್ತದೆ. ಕೈಯೂ ದಿನಕ್ಕಿಷ್ಟು ಅಂತ ಹೆಚ್ಚು ಒತ್ತುತ್ತಾ ಹೋಗುತ್ತದೆ.

ನಂಬಿಕೆ ಬರಲಿ ಅಂತ ಒಂದು ಪ್ರಯೋಗ ಮಾಡಿದೆ. ಅಡುಗೆಮನೆಯ ತಕ್ಕಡಿಯ ಮೇಲೆ ಮೈಸೂರು ಸ್ಯಾಂಡಲ್ ಸೋಪಿನ ಬಿಲ್ಲೆ ಇಟ್ಟು, ಮೊಂಡು ತುದಿಯಿಂದ ಒಂದು ಗೀರು ಏಳುವಷ್ಟು ಒತ್ತಿದರೆ ಮುಳ್ಳು 400 ಗ್ರಾಂ ಹತ್ತಿರ ಹೋಯಿತು. ಬಳಸದೇ ಇಟ್ಟಿದ್ದ ಹೊಸದರಲ್ಲಿ 250 ದಾಟಲಿಲ್ಲ. ಇದನ್ನು ಯಾರೂ ಪ್ರಬಂಧ ಅಂತ ಪ್ರಕಟಿಸುವುದಿಲ್ಲ, ಗೊತ್ತು. ಸೋಪು ಹಾಳಾಯಿತು ಅಂತ ಅಮ್ಮನಿಂದ ಬೈಸಿಕೊಂಡದ್ದು ಮಾತ್ರ ನೂರಕ್ಕೆ ನೂರು ನಿಜ.

ಬೀದಿಯಲ್ಲಿ ಸೈಕಲ್ಲಿನ ಮೇಲೆ ಸಾಣೆ ಹಿಡಿಯುವವನು ಬರುತ್ತಾನಲ್ಲ, ಅವನಿಗೇ ಕೊಟ್ಟುಬಿಡೋಣ ಅಂದೆ. "ಕೊಟ್ಟು ನೋಡು, ನಿನ್ನ ಹಲ್ಲಿಗೇ ಅದನ್ನ ಉಪಯೋಗಿಸ್ತೀನಿ" ಅಂದರು ಅತ್ತಿಗೆ. ಚಕ್ರದ ಬಿಸಿಗೆ ಉಕ್ಕಿನ ಹದ ಹೋಗುತ್ತದೆ, ಬ್ಲ್ಯಾಕ್ ಕೊಟ್ಟ ಕೋನವೂ ಹೋಗುತ್ತದೆ. ಕೈಯಲ್ಲೇ ಆಗಬೇಕು, ಎಣ್ಣೆ ಸವರಿದ ಅರ್ಕಾನ್ಸಾ ಕಲ್ಲಿನ ಮೇಲೆ, ನಿಧಾನವಾಗಿ. ಆ ಭಾನುವಾರ ಊಟದ ಟೇಬಲ್ಲೇ ವರ್ಕ್‌ಶಾಪ್ ಆಯಿತು. ಅತ್ತಿಗೆ ಹೇಳಿಕೊಟ್ಟರು, ನಾನು ಮಸೆದೆ. ನೇರ ಅಲಗು ಸುಲಭ. ಎಕ್ಸ್‌ಕವೇಟರಿನ ಅಂಚು ದುಂಡಗಿರುವುದರಿಂದ ಕಲ್ಲಿನ ಮೇಲೆ ಉರುಳಿಸುತ್ತಾ ಎಳೆಯಬೇಕು, ಚಪಾತಿ ಲಟ್ಟಣಿಗೆ ಅಲ್ಲ, ಗಡಿಯಾರದ ಲೋಲಕದ ಹಾಗೆ. ಎರಡನ್ನು ಹಾಳು ಮಾಡಿದ ಮೇಲೆ ಮೂರನೆಯದು ನನ್ನ ಉಗುರನ್ನು ಕಚ್ಚಿ ನಿಂತಿತು. ಸುಳ್ಳು ಹೇಳುವುದಿಲ್ಲ, ಕೆಲಸಕ್ಕೆ ಸೇರಿ ಆರು ವರ್ಷದಲ್ಲಿ ಯಾವ ರಿಲೀಸಿಗೂ ಅಷ್ಟು ಸಂತೋಷ ಆಗಿರಲಿಲ್ಲ.

ಕೆಲವು ಸಾಧನಗಳು ಮಸೆದೂ ಮಸೆದೂ ತೆಳ್ಳಗಾಗಿ, ಬಾಯಿಯೊಳಗೆ ಮುರಿಯಬಹುದು ಅನ್ನುವಂತಿದ್ದವು. ಅವನ್ನು ಎಸೆದೆವು. ಬದಲಿಗೆ ಟೊಳ್ಳು ಹಿಡಿಯ, ಸುಮಾರು ಒಂಬತ್ತೂವರೆ ಮಿಲಿಮೀಟರ್ ದಪ್ಪದ ಮೂರು ಕೊಂಡೆವು. ಹಗುರ, ಗಟ್ಟಿ ಉಕ್ಕು, ಕಿರ್ ಸರಿಯಾಗಿ ಕೇಳಿಸುತ್ತದೆ. ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡದ್ದು ಅಂಗಡಿಯಲ್ಲೇ ಸಿಗುತ್ತಿತ್ತು ಅಂತಾಯಿತು. ಬೆಲೆ ಕೇಳಬೇಡಿ. ಗ್ಲೌಸ್ ಕೂಡ ಒಂದು ಅಳತೆ ದೊಡ್ಡದು ಮಾಡಿಕೊಂಡರು, ಚಿಕ್ಕದು ಹೆಬ್ಬೆರಳನ್ನು ಹಿಂದಕ್ಕೆ ಎಳೆಯುತ್ತಿತ್ತು.

ಮಕ್ಕಳಿಗೆ ಇನ್ನೊಂದು ಉಪಾಯವನ್ನೂ ಮತ್ತೆ ಶುರು ಮಾಡಿದ್ದಾರೆ. ಪರಂಗಿ ಹಣ್ಣು! ಪರಂಗಿಯ ಕಿಣ್ವ ಇರುವ ಜೆಲ್ ಅನ್ನು ಹುಳುಕಿನ ಮೇಲೆ ಹಚ್ಚಿದರೆ ಕೊಳೆತ ಭಾಗ ಮಾತ್ರ ಇನ್ನಷ್ಟು ಮೆತ್ತಗಾಗಿ, ಹೆಚ್ಚು ಒತ್ತದೆ ಬಳಿದು ತೆಗೆಯಬಹುದು. ಬ್ರೆಜಿಲ್‌ನವರು 2003ರಲ್ಲಿ ಪಪಾಕೇರಿ ಅಂತ ಮಾಡಿದರು. ಆಮೇಲೆ ನಮ್ಮಲ್ಲೇ, ಬೆಂಗಳೂರಿನ ವಿಠಲ್ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನದ ಜೊತೆ ಸೇರಿ ಚೆನ್ನೈನ ಕಂಪನಿಯೊಂದು ಕೇರಿ-ಕೇರ್ ಅನ್ನುವುದನ್ನು ತಂದಿತು. ಇದಕ್ಕೆ ಬೇಕಾಗುವುದು ಮೊಂಡು ಚಮಚವೇ. ಸಮಯ ಜಾಸ್ತಿ ಹಿಡಿಯುತ್ತದೆ, ಎಲ್ಲರಿಗೂ ಆಗುವುದಿಲ್ಲ. ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪರಂಗಿ ರಾಶಿ ಇಟ್ಟುಕೊಂಡು ಅದರ ಜೆಲ್ ಅನ್ನು ಟ್ಯೂಬಿನಲ್ಲಿ ತರಿಸುವುದು ನನಗೆ ಇನ್ನೂ ತಮಾಷೆಯಾಗಿಯೇ ಕಾಣುತ್ತದೆ.

ಕೈ ವಾಸಿಯಾಯಿತಾ? ಇಲ್ಲ. ಜೋಮು ಇದೆ. ರಾತ್ರಿ ಪಟ್ಟಿ ಕಟ್ಟಿಕೊಂಡೇ ಮಲಗುತ್ತಾರೆ. ಆದರೆ ಎರಡು ಗಂಟೆಗೆ ಏಳುವುದು ವಾರಕ್ಕೆ ಒಂದೆರಡು ಸಲ ಮಾತ್ರ ಅಂತ ಅಣ್ಣ ಹೇಳಿದ. ಗುರುವಾರ ಕ್ಲಿನಿಕ್‌ಗೆ ರಜೆ. ಪಾಠ ಮಾಡುವ ಕೆಲಸದ ಅರ್ಜಿ ಫ್ರಿಜ್ಜಿನ ಮೇಲೆ ಅಯಸ್ಕಾಂತಕ್ಕೆ ಸಿಕ್ಕಿಕೊಂಡು ಇನ್ನೂ ಇದೆ. ಯಾರೂ ತುಂಬಿಲ್ಲ, ಯಾರೂ ಹರಿದೂ ಹಾಕಿಲ್ಲ.

ಹೋದ ಶನಿವಾರ ನನ್ನ ತಾತ್ಕಾಲಿಕ ಸಿಮೆಂಟ್ ತೆಗೆದು ಪರ್ಮನೆಂಟ್ ಮಾಡಿದರು. ನಾನೇ ಮಸೆದ ಎಕ್ಸ್‌ಕವೇಟರ್ ನನ್ನದೇ ಬಾಯಿಗೆ. ಈ ಸಲ ನಾನು ಕಣ್ಣು ಮುಚ್ಚಲಿಲ್ಲ, ಅವರ ಕೈಯನ್ನೇ ನೋಡುತ್ತಿದ್ದೆ. ಕಿರ್ ಅಂದದ್ದು ನನ್ನ ದವಡೆಗೂ ಕೇಳಿಸಿತು. ಅವರು ಅಲ್ಲೇ ನಿಲ್ಲಿಸಿದರು. ಕಾಂಪೊಸಿಟ್ ಅನ್ನು ಎರಡೆರಡು ಮಿಲಿಮೀಟರಿನ ಪದರವಾಗಿ ಇಟ್ಟು, ಪ್ರತಿ ಪದರಕ್ಕೂ ನೀಲಿ ದೀಪ ಹಿಡಿದು, ಕೊನೆಗೆ ಹಲ್ಲಿನ ಮೇಲಿನ ಗೆರೆಗಳನ್ನೂ ಕೆತ್ತಿದರು. ಮುಕ್ಕಾಲು ಗಂಟೆಯಲ್ಲಿ ಒಂದೇ ಒಂದು ಸಲ ಕೈ ಒದರಿದ್ದು.

"ಕಚ್ಚು. ಎತ್ತರ ಅನ್ಸುತ್ತಾ?"

"ಇಲ್ಲ."

"ವಡೆ ತಿನ್ಬಹುದು. ಆದ್ರೆ ಆ ಕಡೆ ಸ್ವಲ್ಪ ನಿಧಾನ."

ಹೊರಡುವಾಗ ನೋಡಿದೆ, ಕಿಟಕಿಯ ಕಟ್ಟೆಯ ಮೇಲೆ ಸೊಂಟ ಮುರಿದ ನನ್ನ ನವಿಲು ಇನ್ನೂ ಇತ್ತು. ಸಹಾಯಕಿ ಅದರೊಳಗೆ ಪೆನ್ನಿನ ರಿಫಿಲ್ ಸಿಕ್ಕಿಸಿ ಅಪಾಯಿಂಟ್‌ಮೆಂಟ್ ಬರೆಯುತ್ತಿದ್ದಳು. ಹಿಡಿಯೋಕೆ ಚೆನ್ನಾಗಿದೆಯಂತೆ.

ಸೋಮವಾರ ಬೆಳಿಗ್ಗೆ ರೈಲಿನಲ್ಲಿ ಮತ್ತೆ ವಡೆ ಬಂತು. ಎಡಗಡೆಯಿಂದ ಕಚ್ಚಿದೆ.